ಕೈಗವಸಿನ ಒಳಮೈ

ವಲೋನ್, ನಾರ್ಮಂಡಿ
ನವೆಂಬರ್ ೯, ೧೭೬೮

ಮದಾಂ ತಾವೆರ್ನೆಲ್ ಅವರಿಗೆ,

ಹನ್ನೊಂದು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ನಿಮಗೆ ಆಶ್ಚರ್ಯವಾಗಬಹುದು, ಕೋಪವೂ ಬರಬಹುದು. ಕಾದಂಬರಿ ಬರೆದು ಹೊಟ್ಟೆ ಹೊರೆಯುವ ಹೆಂಗಸಿನ ಕಾಗದ ನನ್ನ ಮನೆಗೆ ಬರುವುದು ಬೇಡ ಎಂದು ಬರೆದವಳು ನಾನೇ. ಆ ಮಾತಿಗೆ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳಬೇಕಾದ್ದು ಬೇರೆಯೇ ಇದೆ.

ನಿಮ್ಮ "ಓಬ್ರೆಮೆರಿನ ಕೌಂಟೆಸ್" ನಮ್ಮೂರಿಗೂ ಬಂದಿದೆ. ಮೊದಲ ಪುಟದಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಒಂದು ಅಕ್ಷರ, ಮೂರು ಚುಕ್ಕೆ ಇದ್ದರೇನು, ಬರೆದವರು ಯಾರೆಂದು ಎಲ್ಲರಿಗೂ ಗೊತ್ತು. ನೋಟರಿಯ ಹೆಂಡತಿ, ವೈದ್ಯರ ತಂಗಿ ಎಲ್ಲರೂ ಕರವಸ್ತ್ರ ಒದ್ದೆ ಮಾಡಿಕೊಳ್ಳುತ್ತಿದ್ದಾರೆ. ನನ್ನ ಮಗಳು ಸಬಿನ್‌ಗೆ ಹದಿನೇಳು ವರ್ಷ. ಅವಳ ಹಾಸಿಗೆಯ ಕೆಳಗೆ ಎರಡನೆಯ ಸಂಪುಟ ಸಿಕ್ಕಿತು. ಒಲೆಗೆ ಹಾಕಲೆಂದೇ ಎತ್ತಿಕೊಂಡೆ. ಹಾಕುವ ಮೊದಲು ಓದಿದೆ.

ಮುನ್ನೂರೈವತ್ತು ವರ್ಷದ ಹಿಂದೆ, ಹುಚ್ಚು ರಾಜನ ಕಾಲದಲ್ಲಿ, ಕೌಂಟ್ ಒಬ್ಬ ತನ್ನ ಎಳೆಯ ಹೆಂಡತಿಯನ್ನು ಮೇಲಿನ ಕೋಣೆಯಲ್ಲಿ ಕೂಡಿಹಾಕಿದ್ದಾನೆ. ಅವಳ ಗೆಳತಿ ನೋಡಲು ಬರುತ್ತಾಳೆ. ಹೊರಡುವಾಗ ಕೌಂಟೆಸ್ ತನ್ನ ಒಂದು ಕೈಗವಸನ್ನು ಗೆಳತಿಯ ಕೈಗೆ ತುರುಕುತ್ತಾಳೆ. ಅಂಗಳದಲ್ಲಿ ಗಾಡಿ ಹತ್ತುವಾಗ ಕೌಂಟ್ ನಗುತ್ತಾ ಬಂದು ಹೇಳುತ್ತಾನೆ: "ಅದು ಜೋಡಿಯಲ್ಲಿ ಒಂದು, ಮದಾಂ. ಜೋಡಿ ಒಡೆಯಬಾರದು." ಗೆಳತಿ ಅದನ್ನು ಅವನಿಗೆ ಕೊಟ್ಟುಬಿಡುತ್ತಾಳೆ.

ಈ ಮಾತನ್ನು ನಿಮಗೆ ಯಾರು ಹೇಳಿದರು? ಒಂದೇ ಸಾಲಿನಲ್ಲಿ ಉತ್ತರಿಸಿ, ಸಾಕು.

ಉರ್ಸುಲ್ ದ ಮೊರ್ಸಾಲ್


ಪ್ಯಾರಿಸ್, ಸೇಂಟ್ ಜಾಕ್ ಬೀದಿ
ನವೆಂಬರ್ ೨೪, ೧೭೬೮

ಉರ್ಸುಲ್,

ನೀನು "ನೀವು" ಎಂದರೂ ನನಗೆ "ನೀನು" ಎಂದೇ ಬರುತ್ತದೆ. ಮಠದ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಆರು ವರ್ಷ ಕೂತು, ಒಂದೇ ಬಟ್ಟಲಲ್ಲಿ ಆ ನೀರುಸಾರು ಕುಡಿದವರು ನಾವು.

ಒಂದೇ ಸಾಲು ಸಾಕೆಂದೆ. ಇದೋ: ಯಾರೂ ಹೇಳಲಿಲ್ಲ, ನಾನೇ ಕಟ್ಟಿದ್ದು. ಒಂಬತ್ತು ಕಾದಂಬರಿ ಬರೆದಿದ್ದೇನೆ. ಕೋಟೆ, ರಾಜಕುಮಾರಿ, ಸೆರೆಮನೆ ಎಲ್ಲವೂ ಮೂರು ಹಳೆಯ ಇತಿಹಾಸದ ಪುಸ್ತಕ ಮತ್ತು ನನ್ನ ಹಲ್ಲುನೋವು ಸೇರಿ ಹುಟ್ಟಿದವು.

ಆದರೆ ನೀನು ಕೇಳಿದ್ದು ಆ ಒಂದು ಅಧ್ಯಾಯವನ್ನೇ. ಹಾಗಾಗಿ ಉಳಿದದ್ದನ್ನೂ ಹೇಳಬೇಕು. ಹೊಡೆದು ಹಾಕದೆ ಒಂದು ಪುಟ ಬರೆದವಳಲ್ಲ ನಾನು. ಆ ಅಧ್ಯಾಯ ಮಾತ್ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಬಿಸಿಲು ಮೇಜಿನ ಮೇಲಿರುವಾಗಲೇ, ಒಂದು ಚಿತ್ತೂ ಇಲ್ಲದೆ ಮುಗಿಯಿತು. ಅಡುಗೆಯ ಗೊತೋನ್ ಬಂದು, "ಅಮ್ಮಾವ್ರೇ, ಮೂರು ಸಲ ಕರೆದೆ. ಕಿವಿಗೂ ಶಾಯಿ ಹುಯ್ಕೊಂಡಿದೀರಾ?" ಎಂದಳು. ನಾನು ಕೇಳಿಸಿಕೊಂಡೇ ಇರಲಿಲ್ಲ.

ವಾರದ ಮೇಲೆ ಮುದ್ರಕ ಲ್ವಾಜೆಲ್ ಬಂದು ಗೊಣಗಿದ. "ಹೊಸ ನಕಲುಗಾರನ್ನ ಇಟ್ಕೊಂಡ್ರಾ ಮದಾಂ? ಇವನ ಅಕ್ಷರ ಎಲ್ಲಾ ಎಡಕ್ಕೆ ಬೀಳುತ್ತೆ. ಅಚ್ಚುಮೊಳೆ ಜೋಡಿಸೋರಿಗೆ ಕತ್ತು ನೋವು ಬಂದಿದೆ." ನಾನು ನಕಲುಗಾರನನ್ನು ಇಟ್ಟುಕೊಂಡಿಲ್ಲ. ಹಾಳೆ ತೆಗೆದು ನೋಡಿದೆ. ನನ್ನದು ದುಂಡು ಅಕ್ಷರ, ನಿನಗೆ ಗೊತ್ತು. ಅಲ್ಲಿದ್ದದ್ದು ಅದಲ್ಲ.

ಒಂದು ಹಾಳೆ ಇದರೊಂದಿಗೆ ಇಟ್ಟಿದ್ದೇನೆ. ಯಾರ ನೆನಪು ಬರುತ್ತದೆ ಎಂದು ನೀನೇ ಹೇಳು. ನಾನು ಹೆಸರು ಹೇಳುವುದಿಲ್ಲ.

ನಿನ್ನ
ಅಪೊಲಿನ್


ವಲೋನ್
ಡಿಸೆಂಬರ್ ೧೦, ೧೭೬೮

ಅಪೊಲಿನ್,

ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಾರೆ.

ಅವಳ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕುತ್ತಿದ್ದರು ಸನ್ಯಾಸಿನಿಯರು. ಅವರು ಅತ್ತ ತಿರುಗಿದೊಡನೆ ಬಿಡಿಸಿಕೊಂಡು ಅದೇ ಕೈಯಲ್ಲಿ ಬರೆಯುತ್ತಿದ್ದಳು. ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಅವಳು ಬರೆದುಕೊಟ್ಟ ತನ್ನ ಹೆಸರು ಇನ್ನೂ ಇದೆ. ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಆಮೇಲೆ ಪುಸ್ತಕವನ್ನೂ ಮುಚ್ಚಿಟ್ಟೆ.

ನಮ್ಮ ಒಡಿಲ್ ಸತ್ತು ಹತ್ತೊಂಬತ್ತು ವರ್ಷವಾಯಿತು. ನೀನಾಗ ಗಂಡನೊಂದಿಗೆ ಲಿಯೋನ್‌ನಲ್ಲಿದ್ದೆ. ಎದೆಜ್ವರ ಎಂದು ನಾನೇ ನಿನಗೆ ಬರೆದಿದ್ದೆ. ಎಲ್ಲರೂ ಹಾಗೆಂದೇ ಹೇಳಿದರು. ಅವಳ ಗಂಡ ಮಸ್ಯೂ ದ ಗ್ರೆವೆಲ್ ಆಮೇಲೆ ಮತ್ತೆ ಮದುವೆಯಾಗಲಿಲ್ಲ. ಊರಿನಲ್ಲಿ ಅವರಿಗೆ ದೊಡ್ಡ ಮರ್ಯಾದೆ ಇದೆ. ಅವರ ಸೇಬಿನ ತೋಟ ನಮ್ಮ ತೋಟಕ್ಕೆ ಹೊಂದಿಕೊಂಡಿದೆ.

ಇನ್ನೊಂದು ವಿಷಯ. ಈಸ್ಟರ್ ಕಳೆದ ಮೇಲೆ ಅವರಿಗೂ ನನ್ನ ಸಬಿನ್‌ಗೂ ಮದುವೆ. ನನ್ನ ಗಂಡ ಮಾತು ಕೊಟ್ಟಾಗಿದೆ.

ಮೂರನೆಯ ಸಂಪುಟವನ್ನು ಬರೆಯಬೇಡ. ನಮ್ಮ ಬಾಲ್ಯದ ಮೇಲೆ ಆಣೆ, ಬರೆಯಬೇಡ.

ಉರ್ಸುಲ್


ಪ್ಯಾರಿಸ್
ಜನವರಿ ೭, ೧೭೬೯

ಉರ್ಸುಲ್,

ತಡವಾಯಿತು. ಬರೆದಾಗಿತ್ತು. ಮೂರನೆಯ ಸಂಪುಟ ಮೊನ್ನೆ ಅಂಗಡಿಗೆ ಹೋಯಿತು.

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹುಡುಕುತ್ತಾ ಓದಿದೆ. ಕೈಗವಸಿನ ಮಾತೇ ಇಲ್ಲ. ಆ ವಾಕ್ಯ ಯಾರದೆಂದು ನನ್ನನ್ನು ಕೇಳಿದವಳು, ಅದನ್ನು ನೀನು ಎಲ್ಲಿ ಕೇಳಿದೆ ಎಂದು ಹೇಳಲೇ ಇಲ್ಲ. ನಾನೂ ಒತ್ತಾಯಿಸುವುದಿಲ್ಲ. ಒತ್ತಾಯಿಸಿದರೆ ಮತ್ತೆ ಹನ್ನೊಂದು ವರ್ಷ ಸುಮ್ಮನಾಗಿಬಿಡುತ್ತೀ.

ಮೂರನೆಯ ಸಂಪುಟ ಹೇಗೆ ಬಂತೆಂದು ಹೇಳುತ್ತೇನೆ. ಅಕ್ಟೋಬರ್ ಪೂರ್ತಿ ಬೆಳಿಗ್ಗೆ ಒಂಬತ್ತಕ್ಕೆ ಕೂರುತ್ತಿದ್ದೆ. ಮೊದಲು ಎಡಗೈ ತಣ್ಣಗಾಗುತ್ತಿತ್ತು. ಬಲಗೈ ಬೆಚ್ಚಗೇ ಇರುತ್ತಿತ್ತು. ಆಮೇಲೆ ಕೋಣೆ ಕಾಣುತ್ತಿತ್ತು. ಸಮುದ್ರದ ಕಡೆಗೊಂದು ಕಿಟಕಿ. ಅಗ್ಗಿಷ್ಟಿಕೆ ಇದೆ, ಅದರಲ್ಲಿ ಬೂದಿಯೂ ಇಲ್ಲ. ಅದರ ಸುತ್ತ ನೀಲಿ ಹಡಗಿನ ಚಿತ್ರವಿರುವ ಪಿಂಗಾಣಿ ಬಿಲ್ಲೆಗಳು. ಒಂದು ಬಿಲ್ಲೆಯನ್ನು ತಲೆಕೆಳಗಾಗಿ ಕೂರಿಸಿದ್ದಾರೆ, ಆ ಹಡಗು ಮಾತ್ರ ಯಾವಾಗಲೂ ಮುಳುಗುತ್ತಿರುತ್ತದೆ. ಕೌಂಟೆಸ್ ದಿನವೆಲ್ಲ ಅದನ್ನೇ ನೋಡುತ್ತಾಳೆ. ಮಧ್ಯಾಹ್ನ ಗಂಡ ಬಂದು ಬಾಗಿಲಾಚೆ ನಿಲ್ಲುತ್ತಾನೆ. ಬೂಟಿನ ತೊಗಲು ಕಿರುಗುಟ್ಟುವುದು ಅವಳಿಗೆ ಕೇಳುತ್ತದೆ. ಅವನು ಬಾಗಿಲು ತೆರೆಯದೆ ಹೋಗುತ್ತಾನೆ.

ನಾನು ಗ್ರೆವೆಲ್‌ನ ಮನೆಗೆ ಎಂದೂ ಹೋದವಳಲ್ಲ. ಕಟ್ಟುಕತೆಯೆಂದೇ ಬರೆದೆ. ಈ ಕಾಲದಲ್ಲಿ ಬಿಲ್ಲೆ ಇರುತ್ತದೆ, ಹುಚ್ಚು ರಾಜನ ಕಾಲದಲ್ಲಿ ಎಲ್ಲಿತ್ತು ಎಂದು ಲ್ವಾಜೆಲ್ ನಕ್ಕ. ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ನಾವು ಮೂವರಲ್ಲಿ ಕತೆ ಕಟ್ಟುತ್ತಿದ್ದವಳು ಒಡಿಲ್. ನನ್ನ ಮೊದಲ ಕಾದಂಬರಿಯ ನಾಯಕನಿಗೆ ಅಮೋರಿ ಎಂದು ಹೆಸರಿಟ್ಟವಳೂ ಅವಳೇ, ಮಠದ ತೋಟದ ಪೇರಳೆ ಮರದ ಕೆಳಗೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಳಿದೆ. ಈಗ ನಿನ್ನ ಸರದಿ.

ಸಬಿನ್ ಈ ಮದುವೆಗೆ ಒಪ್ಪಿದ್ದಾಳೆಯೇ?

ಅಪೊಲಿನ್


ವಲೋನ್
ಫೆಬ್ರವರಿ ೧೧, ೧೭೬೯

ಮಾನ್ಯ ಮದಾಂ,

ನೀವು ನನ್ನನ್ನು ನೋಡಿಲ್ಲ. ನಾನು ಉರ್ಸುಲ್ ದ ಮೊರ್ಸಾಲ್ ಅವರ ಮಗಳು ಸಬಿನ್. ಅಮ್ಮನ ಮೇಜಿನ ಮೇಲೆ ನಿಮ್ಮ ವಿಳಾಸ ಕಂಡಿತು. ನಿಮ್ಮ ಪುಸ್ತಕಗಳೆಂದರೆ ನನಗೆ ಪ್ರಾಣ. ಇದನ್ನು ಬೇರೆ ಕಾಗದದಲ್ಲಿ ನಾಲ್ಕು ಪುಟ ಬರೆಯಬೇಕೆಂದಿದ್ದೆ, ಈಗ ಅದಕ್ಕೆ ಸಮಯವಿಲ್ಲ.

ನನಗೆ ಮಸ್ಯೂ ದ ಗ್ರೆವೆಲ್ ಅವರೊಂದಿಗೆ ಮದುವೆ ಗೊತ್ತಾಗಿದೆ. ಅವರಿಗೆ ನಲವತ್ತಾರು ವರ್ಷ. ಮೃದುವಾಗಿ ಮಾತಾಡುತ್ತಾರೆ. ನನಗೆ ಅವರ ಮೇಲೆ ಪ್ರೀತಿಯೂ ಇರಲಿಲ್ಲ, ಭಯವೂ ಇರಲಿಲ್ಲ. ಕಳೆದ ಗುರುವಾರ ಅಪ್ಪನೊಂದಿಗೆ ಅವರ ಮನೆ ನೋಡಲು ಹೋದೆ. ಅಮ್ಮ ತಲೆನೋವೆಂದು ಬರಲಿಲ್ಲ. ಆ ಮನೆಗೆ ಅಮ್ಮ ಎಂದೂ ಹೋಗುವುದಿಲ್ಲ. ಹಿಂದಿನ ದಿನವಷ್ಟೇ ನೋಟರಿಯ ಮಗಳು ನಿಮ್ಮ ಮೂರನೆಯ ಸಂಪುಟ ಕೊಟ್ಟಿದ್ದಳು. ಗಾಡಿಯಲ್ಲಿ ಓದಲೆಂದು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಅಪ್ಪ ಮತ್ತು ಅವರು ಸೇಬಿನ ಮದ್ಯದ ಪೀಪಾಯಿ ನೋಡುತ್ತಿರುವಾಗ ಮನೆ ನೋಡಿಕೊಳ್ಳುವ ಬಾರ್ಬ್ ನನಗೆ ಮಹಡಿ ತೋರಿಸಿದಳು. ಮೇಲಿನ ಕೊನೆಯ ಬಾಗಿಲಿಗೆ ಬೀಗವಿತ್ತು.

"ಇದೇನು?" ಎಂದೆ.

"ಹಳೇ ಅಮ್ಮಾವ್ರ ಕೋಣೆ. ಹೊಗೆ ಕಟ್ಟುತ್ತೆ ಅಂತ ಮುಚ್ಚಿದಾರೆ."

ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. "ಒಳಗೆ ಅಗ್ಗಿಷ್ಟಿಕೆ ಸುತ್ತ ನೀಲಿ ಬಿಲ್ಲೆ ಇದೆಯಾ? ಹಡಗಿಂದು?" ಎಂದೆ. ಓದಿದ್ದು ತಲೆಯಲ್ಲಿತ್ತು, ತಮಾಷೆಗೆ ಕೇಳಿದೆ.

ಬಾರ್ಬ್ ಬೀಗದ ಕೈಗಳ ಗೊಂಚಲನ್ನು ಎದೆಗೆ ಒತ್ತಿ ಹಿಡಿದಳು. "ನಿಮಗೆ ಯಾರಮ್ಮಾ ಹೇಳಿದ್ದು?" ಎಂದಳು. ಆಮೇಲೆ, ಏನನ್ನಿಸಿತೋ, ತಾನೇ ಬಾಗಿಲು ತೆರೆದಳು.

ಮದಾಂ, ಹೊಗೆಯ ಕಲೆ ಎಲ್ಲಿಯೂ ಇರಲಿಲ್ಲ. ಕಿಟಕಿ ಸಮುದ್ರದ ಕಡೆಗೇ ಇತ್ತು. ಬಿಲ್ಲೆಗಳನ್ನು ಎಣಿಸಿದೆ. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಒಂದು ಹಡಗು ತಲೆಕೆಳಗಾಗಿತ್ತು. ಅದರ ಪಕ್ಕದ ಗಾರೆಯನ್ನು ಉಗುರಿನಿಂದಲೋ ಪಿನ್ನಿನಿಂದಲೋ ಯಾರೋ ಕೆರೆದಿದ್ದರು, ಅದನ್ನು ಸರಿಯಾಗಿ ತಿರುಗಿಸಿ ಕೂರಿಸಲು ನೋಡಿದ ಹಾಗೆ.

ತಿರುಗಿದರೆ ಮಸ್ಯೂ ದ ಗ್ರೆವೆಲ್ ಬಾಗಿಲಲ್ಲಿ ನಿಂತಿದ್ದರು. ಬಂದದ್ದು ಕೇಳಿಸಿರಲಿಲ್ಲ. ಸಿಟ್ಟು ಮಾಡಲಿಲ್ಲ. "ಈ ಕೋಣೆ ವಿಷಯ ನಿನಗೆ ಹೇಗೆ ಗೊತ್ತಾಯ್ತು, ಸಬಿನ್?" ಎಂದರು.

"ಪುಸ್ತಕದಲ್ಲಿದೆ" ಎಂದು ತೆಗೆದು ತೋರಿಸಿದೆ. ಅವರು ಅಲ್ಲೇ ನಿಂತು ಒಂದು ಪುಟ ಓದಿದರು. ಎರಡು ಓದಿದರು. "ಇದನ್ನ ನಾನು ಇಟ್ಕೋಬಹುದಾ?" ಎಂದು ಬಹಳ ವಿನಯದಿಂದ ಕೇಳಿದರು. ಕೊಟ್ಟೆ. ಅವರ ಮುಖ ಮೊದಲಿನಂತೆಯೇ ಇತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಕೂದಲು ಬಾಚುತ್ತಿದ್ದರು. ಬಾಚಣಿಗೆ ನಿಂತಿತು, ಮತ್ತೆ ಬಾಚತೊಡಗಿದರು.

ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ. ನಾಲ್ಕನೆಯ ಸಂಪುಟದಲ್ಲಿ ಏನಾಗುತ್ತದೆ? ಕೌಂಟೆಸ್ ಆ ಕೋಣೆಯಿಂದ ಹೊರಗೆ ಬರುತ್ತಾಳೆಯೇ? ದಯವಿಟ್ಟು ಮದುವೆಯ ಕರಾರಿಗೆ ಮೊದಲು ತಿಳಿಸಿ. ಮಾರ್ಚ್ ಹದಿನಾಲ್ಕಕ್ಕೆ ನಾವು ಸಹಿ ಹಾಕುತ್ತೇವೆ.

ನಿಮ್ಮ ವಿಧೇಯ
ಸಬಿನ್ ದ ಮೊರ್ಸಾಲ್


ಪ್ಯಾರಿಸ್
ಫೆಬ್ರವರಿ ೨೩, ೧೭೬೯

ಉರ್ಸುಲ್,

ಇದರೊಳಗೆ ನಿನ್ನ ಮಗಳು ನನಗೆ ಬರೆದ ಕಾಗದವಿದೆ. ಓದು.

ಅವಳಿಗೆ ನಾನು ಉತ್ತರ ಬರೆದಿಲ್ಲ. ಆ ಉತ್ತರ ನನ್ನಲ್ಲಿಲ್ಲ, ನಿನ್ನಲ್ಲಿದೆ.

ಅ.


ವಲೋನ್
ಮಾರ್ಚ್ ೨೦, ೧೭೬೯

ಅಪೊಲಿನ್,

ನಿನ್ನ ಮೂರು ಸಾಲಿನ ಕಾಗದ ಬಂದ ಮೇಲೆ ಹದಿನೈದು ದಿನ ನಾನು ಏನೂ ಮಾಡಲಿಲ್ಲ. ಲಿನನ್ ಬಟ್ಟೆ ಎಣಿಸಿದೆ, ಮದುವೆಯ ಊಟಕ್ಕೆ ಬಾತುಕೋಳಿ ಹೇಳಿದೆ. ಒಂದು ದಿನ ಧೈರ್ಯ ಮಾಡಿ ಗಂಡನ ಬಳಿ ಮಾತೆತ್ತಿದೆ. ಅವರು, "ಕಾದಂಬರಿ ಓದಿ ಓದಿ ಮಗಳು ಕೆಟ್ಟಳು ಅಂದ್ಕೊಂಡಿದ್ದೆ, ಈಗ ನೀನೂನಾ?" ಎಂದರು. ಅಲ್ಲಿಗೆ ನಿಂತಿತು.

ಹದಿನಾಲ್ಕನೆಯ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ನಡುಮನೆಯಲ್ಲಿ ಎಲ್ಲರೂ ಸೇರಿದರು. ನೋಟರಿ ಕರಾರು ಓದಿದ. ಗ್ರೆವೆಲ್ ಸಹಿ ಹಾಕಿದರು, ನನ್ನ ಗಂಡ ಹಾಕಿದರು. ಲೇಖನಿ ಸಬಿನ್ ಕೈಗೆ ಬಂತು. ಅವಳು ನನ್ನ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು, ಏನೂ ನಿರೀಕ್ಷೆ ಇಲ್ಲದ ನೋಟ. ಅಂಥ ನೋಟವನ್ನು ನಾನು ಹಿಂದೊಮ್ಮೆ ಕಂಡಿದ್ದೆ. ಎದ್ದು ನಿಂತೆ.

"ಉರ್ಸುಲ್, ಕೂತ್ಕೋ" ಎಂದರು ಗಂಡ.

"ಕೂತ್ಕೊಂಡೇ ಇಪ್ಪತ್ತು ವರ್ಷ ಆಯ್ತು" ಎಂದೆ.

ಎಲ್ಲರ ಮುಂದೆ ಹೇಳಿದೆ. ಈಗ ನಿನಗೂ ಹೇಳುತ್ತೇನೆ. ನಲವತ್ತೊಂಬತ್ತರ ಫೆಬ್ರವರಿಯಲ್ಲಿ ನಾನು ಒಡಿಲ್‌ಳನ್ನು ನೋಡಲು ಹೋಗಿದ್ದೆ. ಅವಳನ್ನು ಒಂದು ಹೊತ್ತಿನ ಊಟಕ್ಕಷ್ಟೇ ಕೆಳಗೆ ಕರೆತಂದರು. ಬಹಳ ಬಡವಾಗಿದ್ದಳು. ಮಾತೆಲ್ಲ ಗಂಡನೇ ಆಡಿದರು. ಹೊರಡುವಾಗ ಅವಳು, "ನಿನ್ನ ಕೈ ತಣ್ಣಗಿದೆ ಕಣೇ, ಇದನ್ನ ಇಟ್ಕೋ" ಎಂದು ಒಂದು ಕೈಗವಸನ್ನು ನನಗೆ ಕೊಟ್ಟಳು. ನನ್ನ ಕೈ ಬೆಚ್ಚಗಿತ್ತು. ತಣ್ಣಗಿದ್ದದ್ದು ಅವಳದು. ಬೆರಳು ತೂರಿಸಿದಾಗ ಒಳಗಿನ ಬಟ್ಟೆ ಒರಟಾಗಿತ್ತು. ಅಂಚು ಮಗುಚಿದರೆ ಮಸಿಯಲ್ಲಿ ಬರೆದ ಅಕ್ಷರ ಕಂಡಿತು, ಎಡಕ್ಕೆ ವಾಲಿದ್ದು. ಓದಲಿಲ್ಲ. ಮನೆಗೆ ಹೋಗಿ ಓದೋಣ ಎಂದುಕೊಂಡೆ. ಅಂಗಳದಲ್ಲಿ ಅವರು ಬಂದು ಕೈ ಚಾಚಿ ಹೇಳಿದ ಮಾತನ್ನು ನೀನು ಬರೆದಿದ್ದೀ. ಒಂದಕ್ಷರವೂ ತಪ್ಪಿಲ್ಲ.

ಹೆದರಿ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಅವರು ಅಷ್ಟು ವಿನಯದಿಂದ ಕೇಳಿದರು, ಇಲ್ಲ ಎನ್ನುವುದು ಅಸಭ್ಯ ಎನಿಸಿತು. ಅದಕ್ಕೇ ಕೊಟ್ಟೆ. ಇಪ್ಪತ್ತೇಳು ದಿನಕ್ಕೆ ಅವಳು ಸತ್ತಳು.

ಇಷ್ಟು ಹೇಳಿ ಗ್ರೆವೆಲ್ ಅವರ ಕಡೆ ತಿರುಗಿದೆ. "ನೀವು ಅದನ್ನ ಓದಿದ್ರಾ?" ಎಂದೆ.

ನೋಟರಿ ಕೆಮ್ಮಿದ. ಗ್ರೆವೆಲ್ ಮೇಜಿನ ಮೇಲಿನ ತಮ್ಮ ಸಹಿಯನ್ನೇ ನೋಡುತ್ತಿದ್ದರು. "ಓದಿದೆ" ಎಂದರು. ಯಾರೂ ಕೇಳದಿದ್ದರೂ ಪಾಠ ಒಪ್ಪಿಸುವವರಂತೆ ಹೇಳಿದರು: "'ಅಪ್ಪನಿಗೆ ತಿಳಿಸು. ಸೌದೆ ಕೊಡುತ್ತಿಲ್ಲ.' ಅಷ್ಟೇ ಇತ್ತು."

ಟೋಪಿ ತೆಗೆದುಕೊಂಡು, ನನಗೆ ತಲೆಬಾಗಿ, ಹೊರಟುಹೋದರು. ಸಬಿನ್ ಲೇಖನಿಯನ್ನು ಕೆಳಗಿಟ್ಟಳು.

ಎರಡೇ ವಾಕ್ಯ, ಅಪೊಲಿನ್. ಗಾಡಿ ಹತ್ತುವ ಮೊದಲೇ ಓದಿ ಮುಗಿಸಬಹುದಿತ್ತು.

ಉರ್ಸುಲ್


ಪ್ಯಾರಿಸ್
ಏಪ್ರಿಲ್ ೬, ೧೭೬೯

ಉರ್ಸುಲ್,

ನಿನ್ನ ಕಾಗದದ ಬಗ್ಗೆ ನನಗೆ ಹೇಳಲು ಬರುತ್ತಿಲ್ಲ. ಗಳಿಗೆಗೊಂದು ಕಣ್ಣೀರಿನ ದೃಶ್ಯ ಬರೆಯುವವಳು ನಾನು, ಈಗ ಒಂದು ಪದವೂ ಸಿಗುತ್ತಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಗ್ರೆವೆಲ್ ನನ್ನ ಮನೆಗೆ ಬಂದಿದ್ದ.

ಮಂಗಳವಾರ ಮಧ್ಯಾಹ್ನದ ಊಟ ಆಗಿತ್ತು. ಗೊತೋನ್ ಅಡುಗೆಮನೆಯಲ್ಲಿ ಪಾತ್ರೆ ಬಡಿಯುತ್ತಿದ್ದಳು. ಬಂದವನು ಹೆಸರು ಹೇಳಿ, ಕೂರಬಹುದೇ ಎಂದು ಕೇಳಿ ಕೂತ. ಪ್ರಯಾಣದ ಧೂಳನ್ನೂ ಒರೆಸಿಕೊಂಡಿರಲಿಲ್ಲ. ತೊಡೆಯ ಮೇಲೆ ಮೂರನೆಯ ಸಂಪುಟ ಇತ್ತು.

"ಮದಾಂ, ನಾನು ಜಗಳಕ್ಕೆ ಬಂದಿಲ್ಲ. ನಿಮಗೆ ಇದನ್ನೆಲ್ಲ ನನ್ನ ಹೆಂಡ್ತಿನೇ ಹೇಳ್ತಾಳೆ ಅಂತ ನನಗೆ ಗೊತ್ತಾಗಿದೆ. ಮೂರು ಮಾತು ಕೇಳ್ಬೇಕಿತ್ತು."

ಇಲ್ಲ ಎನ್ನಲು ಬಾಯಿ ತೆರೆದೆ, ಇಲ್ಲ ಎನ್ನಲಾಗಲಿಲ್ಲ.

"ಅಮೋರಿ ಅನ್ನೋನು ಯಾರು?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವನೇ ಹೇಳಿದ. ಮದುವೆಯಾದ ವರ್ಷ ಒಡಿಲ್‌ಳ ಹೊಲಿಗೆ ಪೆಟ್ಟಿಗೆಯಲ್ಲಿ ಕಾಗದದ ಕಟ್ಟು ಸಿಕ್ಕಿತಂತೆ. ಅದರಲ್ಲಿ ಅಮೋರಿ ಬಂದ, ಅಮೋರಿ ಕೈ ಹಿಡಿದ, ಅಮೋರಿಯ ಕುದುರೆ ಬಾಗಿಲಲ್ಲಿ ನಿಂತಿತು ಎಂದು ನೂರು ಪುಟ ಇತ್ತಂತೆ. ಅವನು ಯಾರೆಂದು ಕೇಳಿದರೆ, "ಕತೆಯವನು" ಎಂದು ನಕ್ಕಳಂತೆ. "ನಿಜ ಹೇಳೋವರೆಗೂ ಕೋಣೇಲಿರು ಅಂದೆ. ಒಂದು ವಾರ ಅಂದ್ಕೊಂಡಿದ್ದೆ. ಅವಳು ಹೇಳಲೇ ಇಲ್ಲ."

"ಹೇಳಿದ್ಳಲ್ಲ" ಎಂದೆ. "ಅವನು ಕತೆಯವನೇ. ನಮಗೆ ಹದಿನಾಲ್ಕು ವರ್ಷ ಆಗಿದ್ದಾಗ ಮೂವರೂ ಸೇರಿ ಕಟ್ಟಿದ್ವಿ. ಉರ್ಸುಲ್‌ಳ ಸೋದರಮಾವನ ಮೂಗು ಕೊಟ್ವಿ, ಮಠದ ತೋಟಗಾರನ ಕುದುರೆ ಕೊಟ್ವಿ."

ನಾನು ಎದ್ದು ಕಿಟಕಿ ತೆರೆದೆ, ಬೀದಿಯ ಸದ್ದಾದರೂ ಬರಲಿ ಎಂದು. ನನ್ನ ಎಡಗೈ ಮರಗಟ್ಟಿತ್ತು.

"ಏಳನೇ ಅಧ್ಯಾಯದಲ್ಲಿ, ನಾನು ಬಾಗಿಲಾಚೆ ನಿಂತಿದ್ದು ಅವಳಿಗೆ ಕೇಳಿಸ್ತಿತ್ತು ಅಂತ ಇದೆ" ಎಂದ. "ಯಾಕೆ ನಿಂತಿದ್ದೆ ಅಂತ ಬರೆದಿದಾಳಾ?"

"ಇಲ್ಲ."

"ಬಾಗಿಲು ತೆಗೀಬೇಕು ಅಂತಲೇ ದಿನಾ ಹೋಗ್ತಿದ್ದೆ. ತೆಗೆದ್ರೆ ನಾನು ತಪ್ಪು ಮಾಡಿದೆ ಅಂತ ಒಪ್ಕೊಂಡ ಹಾಗಾಗುತ್ತೆ ಅಂತ ವಾಪಸು ಬರ್ತಿದ್ದೆ. ಇದನ್ನ ಮುಂದಿನ ಸಂಪುಟದಲ್ಲಿ ಹಾಕ್ತೀರಾ?"

"ಅವಳು ಬರೆಸಿದ್ರೆ ಹಾಕ್ತೀನಿ."

ಆಮೇಲೆ ಕೊನೆಯ ಪುಟ ತೆರೆದು ನನ್ನ ಮುಂದೆ ಹಿಡಿದ. ಕೌಂಟೆಸ್ ಜ್ವರದಲ್ಲಿ ಗೋಡೆಯ ಮೇಲೆ ಬರೆಯುವ ಸಾಲು ಅದು: "ಬೀಗ ಹಾಕಿದ ಕೈಯನ್ನೂ, ಕಂಡು ಸುಮ್ಮನೆ ಹೋದ ಕಣ್ಣನ್ನೂ ನಾನು ಕ್ಷಮಿಸಿದ್ದೇನೆ." ಊರೆಲ್ಲ ಅಳುವುದು ಆ ಸಾಲಿಗೇ.

"ಇದು ಅವಳದ್ದಾ, ನಿಮ್ಮದಾ?"

ಉರ್ಸುಲ್, ಅವನ ಮೇಲೆ ನನಗೆ ಕನಿಕರ ಬಂತು ಎಂದರೆ ನೀನು ನಂಬುತ್ತೀಯೋ ಇಲ್ಲವೋ. ಅವಳದ್ದು ಎಂದುಬಿಡಬಹುದಿತ್ತು. ಪೆಟ್ಟಿಗೆಯಿಂದ ಆ ಪುಟದ ಕೈಬರಹದ ಹಾಳೆ ತೆಗೆದು ಅವನ ಮುಂದಿಟ್ಟೆ. ಮೇಲಿನದೆಲ್ಲ ಎಡಕ್ಕೆ ವಾಲಿದ ಅಕ್ಷರ. ಕೊನೆಯ ಸಾಲು ಒಂದೇ ನನ್ನ ದುಂಡು ಅಕ್ಷರದಲ್ಲಿದೆ, ಎರಡು ಕಡೆ ಹೊಡೆದು ತಿದ್ದಿದ್ದೇನೆ.

"ನಂದು" ಎಂದೆ. "ನಾಯಕಿ ಕ್ಷಮಿಸದೇ ಹೋದ್ರೆ ಓದೋರಿಗೆ ಸಮಾಧಾನ ಆಗಲ್ಲ ಅಂತ ಮುದ್ರಕ ಹೇಳ್ದ. ಬರೆದುಕೊಟ್ಟೆ."

ಅವನು ಆ ಹಾಳೆಯ ಮೇಲೆ, ಅವಳ ಅಕ್ಷರದ ಮೇಲೆ ಬೆರಳಿಟ್ಟ. ಕಾದ ತವೆ ಮುಟ್ಟಿದವನಂತೆ ತೆಗೆದ. ವಂದನೆ ಹೇಳಿ ಎದ್ದುಹೋದ. ಅವನು ಮೆಟ್ಟಿಲಿಳಿದ ಮೇಲೆ ಗೊತೋನ್ ಬಂದು, "ಜೊತೇಲಿ ಬಂದಿದ್ದ ಹುಡುಗಿ ಇನ್ನೂ ಬಾಗಿಲ ಹತ್ರಾನೇ ನಿಂತಿದಾಳಾ, ಹೋದ್ಳಾ? ಈ ಚಳೀಲಿ ಪಾಪ ಒಂದೇ ಕೈಗವಸು ಹಾಕಿದ್ಳು" ಎಂದಳು.

ಅವನು ಒಬ್ಬನೇ ಬಂದಿದ್ದ.

ಅಪೊಲಿನ್


ವಲೋನ್
ಮೇ ೨, ೧೭೬೯

ಅಪೊಲಿನ್,

ಸಬಿನ್‌ಳನ್ನು ರುಆಂನಲ್ಲಿರುವ ಅವಳ ಸೋದರತ್ತೆಯ ಮನೆಗೆ ಕಳಿಸಿದ್ದೇವೆ. ಹೋಗುವಾಗ ನನ್ನನ್ನು ಬಹಳ ಹೊತ್ತು ತಬ್ಬಿಕೊಂಡಿದ್ದಳು. ಆದರೆ ಗಾಡಿ ಹತ್ತಿದ ಮೇಲೆ ತಿರುಗಿ ನೋಡಲಿಲ್ಲ. ತಾಯಿ ಏನು ಮಾಡಿದ್ದಳೆಂದು ತಿಳಿದ ಮಗಳು ಎಷ್ಟು ತಿರುಗಿ ನೋಡಿಯಾಳು. ನನ್ನ ಗಂಡ ಏಳು ವಾರದಿಂದ ನನ್ನೊಡನೆ ಮಾತಾಡಿಲ್ಲ. ಮೇಜಿನ ಈ ತುದಿಯಲ್ಲಿರುವ ಉಪ್ಪನ್ನು ಸೇವಕನ ಕೈಲಿ ಕೇಳಿಸುತ್ತಾರೆ. ಊರಿನ ಹೆಂಗಸರು ಚರ್ಚಿನಲ್ಲಿ ನನ್ನ ಪಕ್ಕದ ಜಾಗ ಬಿಟ್ಟು ಕೂರುತ್ತಾರೆ. ಇದೇ ಹೆಂಗಸರು ಕೌಂಟೆಸ್ಸಿಗಾಗಿ ಅತ್ತವರು.

ಒಡಿಲ್‌ಳ ಅಪ್ಪ ತೀರಿಹೋಗಿ ಎಷ್ಟೋ ಕಾಲವಾಗಿದೆ. ಆದರೂ ಅವರ ಸಮಾಧಿಗೆ ಹೋದೆ. ಆ ಎರಡು ವಾಕ್ಯವನ್ನು ಜೋರಾಗಿ ಹೇಳಿದೆ. ಅವು ಅವರಿಗೆ ಕಳಿಸಿದ ಮಾತಲ್ಲವೇ.

ಗ್ರೆವೆಲ್ ಪ್ಯಾರಿಸ್ಸಿನಿಂದ ಬಂದವರು ನೇರ ಆ ಕೋಣೆಗೆ ಹೋದರಂತೆ. ಒಳಗಿನಿಂದ ಬೀಗ ಹಾಕಿಕೊಂಡಿದ್ದಾರೆ. ಬಾರ್ಬ್ ಊಟದ ತಟ್ಟೆಯನ್ನು ಹೊಸ್ತಿಲಲ್ಲಿ ಇಟ್ಟು ಬರುತ್ತಾಳೆ, ಸೌದೆ ಬೇಡ ಎನ್ನುತ್ತಾರಂತೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. "ಹಗಲೆಲ್ಲ ಆ ಪುಸ್ತಕ ಜೋರಾಗಿ ಓದ್ತಾರಮ್ಮ. ಓದ್ತಾ ಓದ್ತಾ ನಿಲ್ಲಿಸ್ತಾರೆ. ಯಾರೋ ತಪ್ಪು ಹಿಡಿದ ಹಾಗೆ, 'ಸರಿ, ಸರಿ' ಅಂತಾರೆ. ಆಮೇಲೆ ಅದೇ ಸಾಲನ್ನ ಬೇರೆ ಥರ ಓದ್ತಾರೆ" ಎಂದಳು. ಅವಳೂ ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾಳೆ.

ಈಗ ನನ್ನ ಮಾತು. "ಕಂಡು ಸುಮ್ಮನೆ ಹೋದ ಕಣ್ಣು" ನನ್ನದು. ಆ ಸಾಲನ್ನು ಫೆಬ್ರವರಿಯಿಂದ ದಿನಾ ಬೆಳಿಗ್ಗೆ ಪ್ರಾರ್ಥನೆಯ ಹಾಗೆ ಹೇಳಿಕೊಳ್ಳುತ್ತಿದ್ದೆ. ಎಲ್ಲರ ಮುಂದೆ ಎದ್ದು ನಿಲ್ಲುವ ಧೈರ್ಯ ಬಂದದ್ದೂ ಅದರಿಂದಲೇ ಇರಬೇಕು. ಅದು ನಿನ್ನ ಸಾಲೆಂದು ತಿಳಿದ ದಿನ ನಿನ್ನ ಮೇಲೆ ಸಿಟ್ಟು ಬಂತು. ಗ್ರೆವೆಲ್ ಅವರಿಗೆ ನೀನು ಹೇಳಿದೆ, ಸರಿ. ನನಗೂ ಗೊತ್ತಾಗುವ ಹಾಗೆ ಯಾಕೆ ಬರೆದೆ ಎಂದುಕೊಂಡೆ. ಈಗ ಸಿಟ್ಟಿಲ್ಲ.

ಮುಂದಿನ ಅಚ್ಚಿನಲ್ಲಿ ಆ ಸಾಲು ತೆಗೆದುಬಿಡು. ಕ್ಷಮಿಸುವುದು ಬಿಡುವುದು ಅವಳ ಇಷ್ಟ. ನಾವು ಅವಳ ಬಾಯಿಂದ ಹೇಳಿಸಬಾರದು.

ನಿನ್ನ
ಉರ್ಸುಲ್


ಪ್ಯಾರಿಸ್
ಜೂನ್ ೧೯, ೧೭೬೯

ಪ್ರೀತಿಯ ಉರ್ಸುಲ್,

ತೆಗೆದೆ.

ಲ್ವಾಜೆಲ್ ತಲೆ ಚಚ್ಚಿಕೊಂಡ. "ಜನ ಕೊಳ್ಳೋದೇ ಆ ಸಾಲಿಗೆ ಮದಾಂ. ಬೇರೆ ಏನಾದ್ರೂ ಬರ್ಕೊಡಿ, ಬರೀ ಖಾಲಿ ಜಾಗಾನ ಹ್ಯಾಗೆ ಮಾರಲಿ?" ಎಂದ. ಹಾಗೇ ಮಾರು ಎಂದೆ. ಕರಡಚ್ಚು ಇಂದು ಬಂತು. ಕೊನೆಯ ಪುಟದಲ್ಲಿ ಕೌಂಟೆಸ್ ಗೋಡೆಯ ಕಡೆ ತಿರುಗುತ್ತಾಳೆ, ಅದರ ಕೆಳಗೆ ಎರಡು ಬೆರಳಗಲ ಬಿಳಿ.

ನಾಲ್ಕನೆಯ ಸಂಪುಟವನ್ನು ನಾನೇ ಬರೆಯುತ್ತಿದ್ದೇನೆ. ದುಂಡು ಅಕ್ಷರ, ಸಾಲಿಗೆರಡು ಚಿತ್ತು, ಮೊದಲಿನ ಹಾಗೆ. ಮಾರ್ಚ್ ಹದಿನಾಲ್ಕರಿಂದ ಈಚೆಗೆ ಬೇರೆ ಯಾವ ಅಕ್ಷರವೂ ನನ್ನ ಹಾಳೆಯ ಮೇಲೆ ಬಂದಿಲ್ಲ. ನೀನು ಎದ್ದು ನಿಂತ ದಿನ ಅದು.

ಆದರೂ ಬೆಳಿಗ್ಗೆ ಕೂರುವಾಗ ಒಂದು ಹಾಳೆಯನ್ನೂ ಒಂದು ಗರಿಯ ಲೇಖನಿಯನ್ನೂ ಮೇಜಿನ ಎಡಗಡೆ ಬೇರೆಯಾಗಿ ಇಡುತ್ತೇನೆ. ಅವಳಿಗೆ ಏನಾದರೂ ಹೇಳುವುದಿದ್ದರೆ ಹೇಳಲಿ. ಹಾಳೆ ಇಂದಿನವರೆಗೂ ಬಿಳಿಯಾಗಿಯೇ ಇದೆ. ಕೆಲವು ದಿನ ಲೇಖನಿಯ ಮೊನೆ ಮಾತ್ರ ಒದ್ದೆಯಾಗಿರುತ್ತದೆ. ಗೊತೋನ್‌ಳನ್ನು ಕೇಳಿದರೆ, "ನಾನ್ಯಾಕೆ ಮುಟ್ಲಿ ಅಮ್ಮಾವ್ರೇ, ನನಗೆ ಬರೆಯೋಕೆ ಬರುತ್ತಾ?" ಎನ್ನುತ್ತಾಳೆ. ಶಾಯಿಯಲ್ಲಿ ಅದ್ದಿ, ಏನು ಬರೆಯಲಿ ಎಂದು ಯೋಚಿಸುತ್ತಾ ಕೂತವರ ಲೇಖನಿ ಹಾಗಿರುತ್ತದೆ.

ನಿನ್ನ ಮನೆಯ ಮೇಜು ಅಷ್ಟು ಉದ್ದವೆನಿಸಿದರೆ ಇಲ್ಲಿಗೆ ಬಾ. ನನ್ನ ಮೇಜು ಚಿಕ್ಕದು, ಕುರ್ಚಿಗಳು ಮೂರಿವೆ. ಬೆಳಗಿನ ಹೊತ್ತು ನಾನು ಮಾತಾಡುವುದಿಲ್ಲ, ನೀನೂ ಆಡಬೇಕಿಲ್ಲ. ಜೊತೆಯಲ್ಲಿ ಕೂತಿರೋಣ.

ನಿನ್ನ
ಅಪೊಲಿನ್